ಕಾದ ಮೇಲೆ ಮಿಸ್ ಹೊಡೆಯುವ ಯೆಜ್ಡಿ: ಕಂಡೆನ್ಸರ್ ಸಿಕ್ಕಿಬಿದ್ದದ್ದು ಹೇಗೆ

ತಣ್ಣಗಿದ್ದಾಗ ಎರಡನೇ ಕಿಕ್ಕಿಗೆ ಸ್ಟಾರ್ಟ್, ಐಡ್ಲಿಂಗ್ ಕೂಡ ಚೊಕ್ಕ. ಹತ್ತು ಹನ್ನೆರಡು ಕಿಲೋಮೀಟರ್ ಓಡಿ ಎಂಜಿನ್ ಚೆನ್ನಾಗಿ ಕಾದ ಮೇಲೆ ಶುರುವಾಗುತ್ತಿತ್ತು ರಗಳೆ. ಆಕ್ಸಿಲರೇಟರ್ ತಿರುವಿದರೆ ಮುಗ್ಗರಿಸುವುದು, ಸೈಲೆನ್ಸರಿನಲ್ಲಿ ಒಂದೆರಡು ಫಟ್ ಫಟ್, ಆಮೇಲೆ ಪೂರ್ತಿ ಬಂದ್. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿದರೆ ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಮತ್ತೆ ಸ್ಟಾರ್ಟ್. ಯೆಜ್ಡಿ, ಜಾವಾ, ಪಾಯಿಂಟ್ (ಕಿಡಿ ಹುಟ್ಟಿಸಲು ಕಾಯಿಲಿನ ಕರೆಂಟನ್ನು ಕಡಿಯುವ ಪುಟ್ಟ ಸ್ವಿಚ್) ಇರುವ ಹಳೇ ಬುಲೆಟ್ ಇಟ್ಟುಕೊಂಡವರಿಗೆಲ್ಲ ಈ ಕಾಯಿಲೆ ಗೊತ್ತು. ನನ್ನದು 250 ಸಿಸಿ ಯೆಜ್ಡಿ, 6 ವೋಲ್ಟಿನದು, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾದಲ್ಲಿ ಹುಟ್ಟಿದ್ದು. ಆ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಹಾಗಾಗಿ ಈಗ ‘ಕಂಪನಿ ಪಾರ್ಟ್’ ಅಂತ ಕೈಗೆ ಸಿಗುವುದೆಲ್ಲ ಒಂದೋ ಮೂವತ್ತು ವರ್ಷ ಕಪಾಟಿನಲ್ಲಿ ಕೂತಿದ್ದು, ಇಲ್ಲವೇ ಯಾರೋ ಎಲ್ಲೋ ಮಾಡಿದ ನಕಲು. ಈ ಮಾತು ಮುಂದೆ ಬೇಕಾಗುತ್ತೆ.

ಇಂಥ ತೊಂದರೆಯ ತಾಪತ್ರಯ ಏನೆಂದರೆ ಗಾಡಿ ತಳ್ಳಿಕೊಂಡು ಗ್ಯಾರೇಜಿಗೆ ಹೋಗುವಷ್ಟರಲ್ಲಿ ಎಂಜಿನ್ ತಣ್ಣಗಾಗಿರುತ್ತೆ. ಮೆಕ್ಯಾನಿಕ್ ಕಿಕ್ ಹೊಡೆಯುತ್ತಾನೆ, ಸ್ಟಾರ್ಟ್ ಆಗುತ್ತೆ. ‘ಕಾರ್ಬೊರೇಟರ್ ಕ್ಲೀನ್ ಮಾಡೋಣ ಸಾರ್’ ಅನ್ನುತ್ತಾನೆ. ಮುಂದಿನ ವಾರ ಪ್ಲಗ್, ಅದರ ಮುಂದಿನ ವಾರ ಆಯಿಲ್ ಸೀಲ್, ಕೊನೆಗೆ ಬೋರ್ ಮಾಡಿಸಿ ಅನ್ನುವಲ್ಲಿಗೆ ಬಂದು ನಿಲ್ಲುತ್ತೆ. ನಾನು ಇದಕ್ಕೆ ಒಪ್ಪಲಿಲ್ಲ. ಕಾದಾಗ ಬರುವ ಕಾಯಿಲೆಯನ್ನು ಕಾದಿದ್ದಾಗಲೇ ನೋಡಬೇಕು. ಪ್ಲಗ್ ಸ್ಪಾನರ್, ಹೊಸ ಪ್ಲಗ್ ಒಂದು, ಸ್ಕ್ರೂಡ್ರೈವರ್, ದಪ್ಪ ಬಟ್ಟೆ ಬ್ಯಾಗಿಗೆ ಹಾಕಿಕೊಂಡು ಚಾಮುಂಡಿ ಬೆಟ್ಟದ ರಸ್ತೆ ಹಿಡಿದೆ. ಏರುದಾರಿ, ಸೆಕೆಂಡ್ ಗೇರು, ಗಾಳಿ ಕಮ್ಮಿ. ಎಂಜಿನ್ ಕಾಯಿಸುವುದಕ್ಕೆ ಮೈಸೂರಿನವರಿಗೆ ಅದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ನಂದಿಗೆ ಹೋಗುವ ತಿರುವು ಇನ್ನೂ ಬಂದಿರಲಿಲ್ಲ, ಗಾಡಿ ಕೈಕೊಟ್ಟಿತು.

ನಿಂತ ತಕ್ಷಣ ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ಪೆಟ್ರೋಲ್ ಬರುತ್ತಿಲ್ಲವೋ, ಕರೆಂಟ್ ಬರುತ್ತಿಲ್ಲವೋ?

ಮೊದಲು ಟ್ಯಾಂಕ್ ಮುಚ್ಚಳ ತೆಗೆದೆ. ಮುಚ್ಚಳದ ಗಾಳಿ ತೂತು ಮುಚ್ಚಿಹೋಗಿದ್ದರೆ ಪೆಟ್ರೋಲ್ ಇಳಿದಂತೆಲ್ಲ ಒಳಗೆ ನಿರ್ವಾತ ಕಟ್ಟಿಕೊಂಡು ಕೊನೆಗೆ ಹರಿವೇ ನಿಲ್ಲುತ್ತೆ. ಅದಕ್ಕೂ ಹತ್ತು ಹದಿನೈದು ನಿಮಿಷ ಬೇಕು, ನಿಲ್ಲಿಸಿದರೆ ಅದೂ ತಾನೇ ಸರಿಹೋಗುತ್ತೆ. ಹಾಗಾಗಿ ಬಿಸಿಯ ತೊಂದರೆ ಅಂತಲೇ ಎಲ್ಲರೂ ನಂಬುತ್ತಾರೆ. ಮುಚ್ಚಳ ತೆಗೆದಾಗ ‘ಸುಸ್’ ಅಂತ ಗಾಳಿ ಎಳೆದುಕೊಂಡರೆ ಕಳ್ಳ ಅಲ್ಲೇ ಇದ್ದಾನೆ. ನನ್ನದರಲ್ಲಿ ಸದ್ದಿಲ್ಲ. ಮುಚ್ಚಳ ಭದ್ರ ಮಾಡಿ ಜಿಕೋವ್ ಕಾರ್ಬೊರೇಟರಿನ ಟಿಕ್ಲರ್, ಅಂದರೆ ಪೆಟ್ರೋಲ್ ಉಕ್ಕಿಸುವ ಗುಂಡಿ, ಒತ್ತಿದೆ. ಎರಡು ಸೆಕೆಂಡಿನಲ್ಲಿ ಬೆರಳು ಒದ್ದೆ. ಫ್ಲೋಟ್ ಚೇಂಬರಿನಲ್ಲಿ ಪೆಟ್ರೋಲ್ ಇದೆ. ಪ್ಲಗ್ ಬಿಚ್ಚಿದರೆ ಅದರ ಮೂತಿಯೂ ಒದ್ದೆ. ಪೆಟ್ರೋಲ್ ತನ್ನ ಕೆಲಸ ಮಾಡುತ್ತಿದೆ.

ಹೊಸ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಹೆಡ್ಡಿನ ಫಿನ್ನಿಗೆ ತಾಗಿಸಿ, ಪ್ಲಗ್ ತೂತಿನಿಂದ ದೂರ ಇಟ್ಟು ಕಿಕ್ ಹೊಡೆದೆ. ದೂರ ಇಡುವುದು ಮರೀಬೇಡಿ, ಆ ತೂತಿನಿಂದ ಪೆಟ್ರೋಲ್ ಆವಿ ಉಗುಳುತ್ತಿರುತ್ತೆ. ಕಿಡಿ ಬಂತು, ಆದರೆ ಸಣಕಲು, ಕೆಂಚು ಬಣ್ಣ. ಮೂರು ಕಿಕ್ಕಿಗೆ ಒಮ್ಮೆ ಅದೂ ಇಲ್ಲ. ಬೆಳಿಗ್ಗೆ ಮನೆಯಲ್ಲಿ ಇದೇ ಪ್ಲಗ್ಗಿನಲ್ಲಿ ನೀಲಿ ಕಿಡಿ ಚಟ್ ಚಟ್ ಅಂದಿತ್ತು. ಅಲ್ಲಿಗೆ ಪ್ಲಗ್ಗೂ ನಿರಪರಾಧಿ. ಪ್ಲಗ್ಗಿನದೇ ತಪ್ಪಾಗಿದ್ದರೆ ತಣ್ಣನೆಯ ಹೊಸ ಪ್ಲಗ್ಗಿನಲ್ಲಿ ಕಿಡಿ ಸರಿಯಾಗಿರಬೇಕಿತ್ತು. (ಪ್ಲಗ್ ಬದಲಿಸುವವರಿಗೆ ಒಂದು ಮಾತು: ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದಷ್ಟು ಪ್ಲಗ್ ‘ಕೋಲ್ಡ್’, ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುವಂಥದ್ದು, ಬಾಷ್‌ನಲ್ಲಿ ಇದು ತಿರುಗುಮುರುಗು. ಅಡುಗೋಡಿಯ ಮೈಕೋ (ಈಗಿನ ಬಾಷ್) ಕಾಲದ ಹಳೇ ನಂಬರ್ ಹಿಡಿದುಕೊಂಡು ಅಂಗಡಿಗೆ ಹೋದರೆ ಅಂಗಡಿಯವನೂ ತಬ್ಬಿಬ್ಬು.)

ಆಯಿಲ್ ಸೀಲ್ ವಿಷಯವನ್ನೂ ಅಲ್ಲೇ ಬಿಟ್ಟೆ. ಯೆಜ್ಡಿಯಂಥ ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಸೀಲ್ ಹೋದರೆ ಅದರ ಲಕ್ಷಣವೇ ಬೇರೆ. ಡೈನಮೋ ಕಡೆಯದು ಹೋದರೆ ಗಾಳಿ ಎಳೆದುಕೊಂಡು ಮಿಕ್ಸ್ಚರ್ ತೆಳುವಾಗುತ್ತೆ, ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯುವುದಿಲ್ಲ. ಕ್ಲಚ್ ಕಡೆಯದು ಹೋದರೆ ಆಯಿಲ್ ಎಳೆದುಕೊಂಡು ಬೀದಿ ತುಂಬ ಹೊಗೆ. ಎರಡೂ ನನಗಿರಲಿಲ್ಲ.

ಉಳಿದದ್ದು ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವುದು), ಕಂಡೆನ್ಸರ್, ಪಾಯಿಂಟ್, ವೈರಿಂಗ್. ಈ ಕೆಲಸ ಮನೆಯಲ್ಲಿ, ಅದೂ ಕತ್ತಲಾದ ಮೇಲೆ ಮಾಡಿದೆ. ಡೈನಮೋ ಕವರ್ ಬಿಚ್ಚಿದರೆ ಕ್ರ್ಯಾಂಕಿನ ತುದಿಯಲ್ಲೇ ಆರ್ಮೇಚರ್, ಅದರ ಮುಂದಿನ ಪ್ಲೇಟಿನಲ್ಲಿ ಪಾಯಿಂಟ್, ಪಕ್ಕದಲ್ಲೇ ಹೆಬ್ಬೆರಳ ತುದಿಯಷ್ಟು ಗಾತ್ರದ ಕಂಡೆನ್ಸರ್. ಸೆಂಟರ್ ಸ್ಟ್ಯಾಂಡ್ ಹಾಕಿ, ಗಾಡಿ ಸ್ಟಾರ್ಟ್ ಮಾಡಿ, ಲೈಟ್ ಆರಿಸಿ ಪಾಯಿಂಟನ್ನೇ ನೋಡುತ್ತ ಕೂತೆ. ತಣ್ಣಗಿದ್ದಾಗ ಪಾಯಿಂಟಿನ ನಡುವೆ ಸೂಜಿಮೊನೆಯಷ್ಟು ನೀಲಿ ಚುಕ್ಕೆ, ಇದ್ದೂ ಇಲ್ಲದ ಹಾಗೆ. ಆಮೇಲೆ ಮನೆಯವಳ ಹೇರ್ ಡ್ರೈಯರ್ ತಂದು ಕಂಡೆನ್ಸರ್ ಮೇಲೊಂದಕ್ಕೇ ಬಿಸಿ ಗಾಳಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ಆ ಚುಕ್ಕೆ ಉಬ್ಬಿ ಹಳದಿ ಬೆರೆತ ಬಿಳಿ ಜ್ವಾಲೆಯಾಯಿತು, ಪಾಯಿಂಟಿನ ಅಂಚಿನಿಂದ ಹೊರಕ್ಕೆ ಚಿಮ್ಮತೊಡಗಿತು. ಅದರ ಹಿಂದೆಯೇ ಎಂಜಿನ್ ಮಿಸ್ ಹೊಡೆಯಿತು. ಎಂಜಿನ್ ಇನ್ನೂ ಕೈ ಇಟ್ಟರೆ ತಡೆಯುವಷ್ಟೇ ಬಿಸಿ! ಆಮೇಲೆ ಕಾಯಿಲಿಗೂ ಹಾಗೆಯೇ ಬಿಸಿ ಕೊಟ್ಟೆ, ಅದು ಜಗ್ಗಲಿಲ್ಲ.

ಕಂಡೆನ್ಸರಿನ ಕೆಲಸ ಇಷ್ಟೇ. ಪಾಯಿಂಟ್ ತೆರೆದ ಕ್ಷಣ ಕಾಯಿಲಿನ ಪ್ರೈಮರಿಯಲ್ಲಿ, ಅಂದರೆ ಬ್ಯಾಟರಿ ಕಡೆಯ ಸುತ್ತಿನಲ್ಲಿ, ಹರಿಯುತ್ತಿದ್ದ ಕರೆಂಟ್ ಸುಮ್ಮನೆ ನಿಲ್ಲುವುದಿಲ್ಲ, ಪಾಯಿಂಟಿನ ಸಂದಿಯನ್ನೇ ಹಾರಿ ಹರಿಯಲು ನೋಡುತ್ತೆ. ಕಂಡೆನ್ಸರ್ ಅದನ್ನು ತನ್ನೊಳಗೆ ಎಳೆದುಕೊಂಡರೆ ಕಾಯಿಲಿನ ಕಾಂತಕ್ಷೇತ್ರ ಥಟ್ಟನೆ ಕುಸಿದು ಪ್ಲಗ್ಗಿಗೆ ಸಾವಿರಾರು ವೋಲ್ಟ್ ಹೋಗುತ್ತೆ. ಎಳೆದುಕೊಳ್ಳದಿದ್ದರೆ ಕಿಡಿ ಪಾಯಿಂಟಿನಲ್ಲೇ ಮುಗಿಯುತ್ತೆ, ಪ್ಲಗ್ಗಿಗೆ ಉಳಿದ ಪುಡಿಗಾಸು.

ಈ ಕಂಡೆನ್ಸರನ್ನು ಮಲ್ಟಿಮೀಟರ್‌ಗೆ ಹಿಡಿದಾಗ 0.2 ಮೈಕ್ರೋಫ್ಯಾರಡ್ ಮೇಲೆ ತೋರಿಸಿತ್ತು, ಅಂದರೆ ಪಾಸ್. ಮೀಟರ್ ಸುಳ್ಳು ಹೇಳಲಿಲ್ಲ. ಅದು ಕೊಡುವುದು ಒಂದೆರಡು ವೋಲ್ಟ್, ಅದೂ ತಣ್ಣಗಿರುವಾಗ. ಪಾಯಿಂಟ್ ತೆರೆದಾಗ ಕಂಡೆನ್ಸರ್ ಮೇಲೆ ಬೀಳುವುದು ನೂರಾರು ವೋಲ್ಟ್. ಒಳಗಿನ ಕಾಗದದ ಇನ್ಸುಲೇಶನ್ ಹಳತಾಗಿ ಬಿಸಿಯಲ್ಲಿ ಸೋರುವುದು ಆವಾಗಲೇ.

ಖಾತ್ರಿ ಮಾಡಿಕೊಳ್ಳಲು ಹಳೇದರ ತಂತಿ ಬಿಡಿಸಿ ಬೇರೆ ಕಂಡೆನ್ಸರನ್ನು ತಾತ್ಕಾಲಿಕವಾಗಿ ಸಿಕ್ಕಿಸಿದೆ. ಹಳೇದನ್ನು ಬಿಡಿಸಲೇಬೇಕು. ಅದನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಸೇರಿಸಿದರೆ ಸೋರುವುದು ಸೋರುತ್ತಲೇ ಇರುತ್ತೆ. ಬದಲಿಸಿದ ಮೇಲೆ ಹೇರ್ ಡ್ರೈಯರ್ ಎಷ್ಟು ಹಿಡಿದರೂ ಪಾಯಿಂಟಿನಲ್ಲಿ ಅದೇ ನೀಲಿ ಚುಕ್ಕೆ.

ಹಳೇ ಸ್ಟಾಕಿನ ‘ಒರಿಜಿನಲ್’ ಕಂಡೆನ್ಸರನ್ನೇ ಆ ಜಾಗದಲ್ಲಿ ಕೂರಿಸಲು ನನಗೆ ಮನಸ್ಸಿರಲಿಲ್ಲ. ಡಬ್ಬಿಯಲ್ಲೇ ಕೂತಿದ್ದರೂ ಕಾಗದಕ್ಕೆ ವಯಸ್ಸಾಗುತ್ತೆ. ಜತೆಗೆ ಆ ಜಾಗವೇ ಒಲೆಯ ಪಕ್ಕದ್ದು. ಗಾಡಿ ನಿಲ್ಲಿಸಿದ ಮೇಲೆ ಗಾಳಿ ಇಲ್ಲದೆ ಕವರಿನೊಳಗೆ ಕಾವು ಇನ್ನೂ ಏರುತ್ತೆ. ಟೀ ಕುಡಿದು ಬಂದು ಕಿಕ್ ಹೊಡೆದರೆ ಸ್ಟಾರ್ಟ್ ಆಗದೆ, ಇನ್ನೊಂದು ಟೀ ಆದ ಮೇಲೆ ಸ್ಟಾರ್ಟ್ ಆಗುತ್ತಿದ್ದ ಗುಟ್ಟು ಇದೇ. ಅಂಬಾಸಿಡರ್ ಡಿಸ್ಟ್ರಿಬ್ಯೂಟರಿಗೆ ಹಾಕುತ್ತಿದ್ದಂಥ ಕಂಡೆನ್ಸರ್ ತಂದು ಎಂಜಿನ್ನಿನಿಂದ ದೂರ, ಫ್ರೇಮಿಗೆ ಕ್ಲಾಂಪ್ ಹಾಕಿ ನಿಲ್ಲಿಸಿದೆ. ಅದರ ತಂತಿಯನ್ನು ಕಾಯಿಲಿನಿಂದ ಪಾಯಿಂಟಿಗೆ ಹೋಗುವ ಟರ್ಮಿನಲ್ಲಿಗೆ ಕೊಟ್ಟೆ. ಸರ್ಕ್ಯೂಟಿನ ಲೆಕ್ಕದಲ್ಲಿ ಎರಡೂ ಒಂದೇ ಜಾಗ. ಕಂಡೆನ್ಸರಿನ ಮೈಯೇ ಅದರ ಅರ್ತ್. ಕ್ಲಾಂಪ್ ಕೂರುವಲ್ಲಿ ಪೇಂಟ್ ಕೆರೆದು ಕಬ್ಬಿಣ ಕಾಣಿಸಬೇಕು, ಇಲ್ಲದಿದ್ದರೆ ಕಂಡೆನ್ಸರ್ ಇದ್ದೂ ಇಲ್ಲದ ಲೆಕ್ಕ.

ಸೋರುವ ಕಂಡೆನ್ಸರ್ ಪಾಯಿಂಟನ್ನೂ ತಿಂದಿತ್ತು. ಒಂದು ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ಗುಬುಟು. ಹೊಸ ಸೆಟ್ ಹಾಕಿ ಗ್ಯಾಪ್ 0.4 ಮಿ.ಮೀ. ಇಟ್ಟೆ, ಆಮೇಲೆ ಟೈಮಿಂಗ್ (ಕಿಡಿ ಹಾರುವ ಕ್ಷಣ) ಮತ್ತೆ ಹೊಂದಿಸಿದೆ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತೆ, ಈ ಎರಡನೇ ಕೆಲಸವನ್ನು ಬಹಳ ಜನ ಬಿಡುತ್ತಾರೆ. ಕ್ಯಾಮ್ ಉಜ್ಜುವ ಫೆಲ್ಟಿಗೆ ಒಂದೇ ತೊಟ್ಟು ಆಯಿಲ್. ಅದು ಒಣಗಿದರೆ ಕ್ಯಾಮಿಗೆ ತಾಗುವ ಪಾಯಿಂಟಿನ ಹಿಮ್ಮಡಿ ಸವೆದು ಗ್ಯಾಪ್ ಕಿರಿದಾಗುತ್ತೆ, ಟೈಮಿಂಗ್ ಹಿಂದೆ ಬೀಳುತ್ತೆ, ಎಂಜಿನ್ ಇನ್ನಷ್ಟು ಕಾಯುತ್ತೆ.

ಕೈ ಹಾಕಿದ್ದಕ್ಕೆ ವೈರಿಂಗೂ ಅಳೆದೆ. ಬ್ಯಾಟರಿಯಲ್ಲಿರುವ ವೋಲ್ಟೇಜು ಕಾಯಿಲಿಗೆ ಬರುವಷ್ಟರಲ್ಲಿ ಅರ್ಧ ವೋಲ್ಟ್ ಇಳಿದಿತ್ತು, ಬಹುಪಾಲು ಇಗ್ನಿಶನ್ ಸ್ವಿಚ್ಚಿನಲ್ಲೇ. 12 ವೋಲ್ಟಿನ ಗಾಡಿಯಲ್ಲಿ ಅದು ಲೆಕ್ಕಕ್ಕಿಲ್ಲ, 6 ವೋಲ್ಟಿನಲ್ಲಿ ದೊಡ್ಡ ಪಾಲು. ತಾಮ್ರದ ರೆಸಿಸ್ಟೆನ್ಸ್ ಒಂದೊಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.4 ಶೇಕಡಾ ಏರುತ್ತೆ. ಕಾಯಿಲ್ 50 ಡಿಗ್ರಿ ಹೆಚ್ಚು ಕಾದರೆ ರೆಸಿಸ್ಟೆನ್ಸ್ 20 ಶೇಕಡಾ ಹೆಚ್ಚು, ಕರೆಂಟ್ ಸುಮಾರು 17 ಶೇಕಡಾ ಕಡಿಮೆ. ಇದರ ಮೇಲೆ ಸ್ವಿಚ್ಚೂ ನುಂಗಿದರೆ ಕಿಡಿಗೆ ಏನು ಉಳಿಯುತ್ತೆ? ಸ್ವಿಚ್ ಬಿಚ್ಚಿ ಹಿತ್ತಾಳೆಯ ಕಾಂಟ್ಯಾಕ್ಟ್ ಉಜ್ಜಿ ಹಾಕಿದೆ. ಆಮೇಲೆ ಬೆಟ್ಟ ಹತ್ತಿ, ಮೇಲೆ ಎಂಜಿನ್ ಆರಿಸಿ, ಕಾವು ಏರುವಷ್ಟು ಹೊತ್ತು ಬಿಟ್ಟು ಕಿಕ್ ಹೊಡೆದರೂ ತಕರಾರಿಲ್ಲ.

ಯಮಹಾ ಆರ್‌ಎಕ್ಸ್ 100 ಇರುವವರಿಗೆ ಈ ಕಥೆ ಪೂರ್ತಿ ಹೊಂದುವುದಿಲ್ಲ. ಅದು ಸಿಡಿಐ, ಅಂದರೆ ಎಲೆಕ್ಟ್ರಾನಿಕ್ ಇಗ್ನಿಶನ್, ಪಾಯಿಂಟೂ ಇಲ್ಲ, ಈ ಕಂಡೆನ್ಸರೂ ಇಲ್ಲ. ಅಲ್ಲಿ ಬಿಸಿಗೆ ಕೈಕೊಡುವುದು ಸಾಮಾನ್ಯವಾಗಿ ಮ್ಯಾಗ್ನೆಟ್ಟಿನೊಳಗಿನ ಸೋರ್ಸ್ ಕಾಯಿಲ್ ಅಥವಾ ಪಿಕಪ್ ಕಾಯಿಲ್. ಹೇರ್ ಡ್ರೈಯರ್ ಅಲ್ಲೂ ಕೆಲಸಕ್ಕೆ ಬರುತ್ತೆ: ಮೀಟರಿನ ತಂತಿ ಹಚ್ಚಿಟ್ಟುಕೊಂಡೇ ಕಾಯಿಲನ್ನು ಕಾಯಿಸಿ. ಓಮ್ ನಿಧಾನಕ್ಕೆ ಏರಿದರೆ ಸಹಜ. ಥಟ್ಟನೆ ಓಪನ್ ತೋರಿಸಿ, ತಣ್ಣಗಾದ ಮೇಲೆ ವಾಪಸ್ ಬಂದರೆ ಒಳಗೆ ತಂತಿ ಕಡಿದಿದೆ, ರೀವೈಂಡಿಂಗ್‌ಗೆ ಕೊಡಿ.