ಮಗುವಿಗೆ ಎಷ್ಟು ಸೆವೊ ಹೋಯಿತು? ತೂಕ ಹಾಕಿ ನೋಡಿದೆ

ಬೆಳಗಾವಿಯಲ್ಲಿ ಮಕ್ಕಳ ಆಪರೇಷನ್‌ಗೆ ಅನಸ್ತೇಶಿಯಾ ಕೊಡುವುದು ನನ್ನ ಕೆಲಸ. ಒಂದು ಕೇಸಿಗೆ ಎಷ್ಟು ಸೆವೊಫ್ಲೂರೇನ್ (ಸೆವೊ, ಆವಿ ಮಾಡಿ ಉಸಿರಿನಲ್ಲಿ ಕೊಟ್ಟು ಮಲಗಿಸುವ ದ್ರವ ಔಷಧಿ) ಬೇಕು ಅಂದರೆ ಮೊದಲೆಲ್ಲ ಅಂದಾಜಿನಲ್ಲಿ ಹೇಳುತ್ತಿದ್ದೆ. 250 ಮಿ.ಲೀ. ಬಾಟಲಿ ಎಷ್ಟು ಕೇಸಿಗೆ ಬಂತು ಅಂತ ಭಾಗಿಸಿದರೆ ಸರಾಸರಿ ಸಿಗುತ್ತದೆ, ಆದರೆ ಯಾವಾಗ ಜಾಸ್ತಿ ಹೋಯಿತು ಅನ್ನೋದು ತಿಳಿಯುವುದಿಲ್ಲ.

ಅದಕ್ಕೆ ಗಣಪತ ಗಲ್ಲಿಯಿಂದ ಕಿರಾಣಿ ಅಂಗಡಿಯವರು ಇಡುವಂಥ ಎಲೆಕ್ಟ್ರಾನಿಕ್ ತಕ್ಕಡಿ ತಂದೆ, 10 ಕೆ.ಜಿ. ತೂಗುವ, 1 ಗ್ರಾಂ ವ್ಯತ್ಯಾಸವನ್ನೂ ತೋರಿಸುವಂಥದ್ದು. ಕೇಸಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ವೇಪರೈಸರ್ (ಸೆವೊ ದ್ರವವನ್ನು ಆವಿ ಮಾಡಿ ಗ್ಯಾಸಿಗೆ ಬೆರೆಸುವ ಉಪಕರಣ) ತೂಗಿದೆ. ಅದನ್ನು ಮಷಿನ್‌ನಿಂದ ಇಳಿಸುವಾಗ ಸೆವೊ ಶೇಕಡಾ ಹೊಂದಿಸುವ ಡಯಲ್ ಸೊನ್ನೆಯಲ್ಲಿರಬೇಕು, ನೆಟ್ಟಗೆ ಹಿಡಿಯಬೇಕು. ವಾಲಿದರೆ ದ್ರವ ಬೈಪಾಸ್ ದಾರಿಗೆ (ಸೆವೊ ಬೆರೆಯದೆ ಗ್ಯಾಸ್ ಹಾದುಹೋಗುವ ದಾರಿ) ನುಗ್ಗಿ ಮುಂದಿನ ಮಗುವಿಗೆ ಡೋಸ್ ವಿಪರೀತ ಹೋಗಬಹುದು. ವಾಪಸ್ ಕೂರಿಸಿದ ಮೇಲೆ ಲೀಕ್ ಟೆಸ್ಟ್ ಮಾಡಲೇಬೇಕು.

ಮೊದಲ ಕೇಸ್ ಹರ್ನಿಯಾ. ಫ್ಲೋ (ಮಷಿನ್‌ನಿಂದ ಹರಿಯುವ ಗ್ಯಾಸ್) ನಿಮಿಷಕ್ಕೆ 1 ಲೀಟರ್, ಡಯಲ್ 2.5 ಶೇಕಡಾ, 40 ನಿಮಿಷ. ಲೆಕ್ಕ ಸುಲಭ: ಡಯಲ್ ಶೇಕಡಾ, ಫ್ಲೋ, ನಿಮಿಷ, ಅಣುತೂಕ 200 ಇವನ್ನು ಗುಣಿಸಿ, 2412 ಎಂಬ ಸ್ಥಿರ ಸಂಖ್ಯೆ ಮತ್ತು ಸಾಂದ್ರತೆ 1.52ರ ಗುಣಲಬ್ಧದಿಂದ ಭಾಗಿಸಬೇಕು. ಸುಮಾರು 5.5 ಮಿ.ಲೀ. ಬಂತು. ತಕ್ಕಡಿಯಲ್ಲಿ ಮಾತ್ರ 20 ಗ್ರಾಂ ಇಳಿದಿತ್ತು, ಅಂದರೆ 13 ಮಿ.ಲೀ.!

ನಮ್ಮ ಟೆಕ್ನಿಷಿಯನ್ ನಾನು ಲೆಕ್ಕ ಬರೆದ ಹಾಳೆ ನೋಡಿ, "ಸರ, ಮಾಸ್ಕ್ ಹಿಡಿದಿದ್ದು ಎಲ್ಲಿ ಬರದೀರಿ?" ಅಂದ. ಬರೆದೇ ಇರಲಿಲ್ಲ. ದೊಡ್ಡವರಿಗೆ ನರಕ್ಕೆ ಇಂಜೆಕ್ಷನ್ ಕೊಟ್ಟು ಮಲಗಿಸುತ್ತೇವೆ, ಸೂಜಿ ಕಂಡರೆ ಚೀರುವ ಮಗುವಿಗೆ ಮಾಸ್ಕ್ ಹಿಡಿದು ಸೆವೊ ಉಸಿರಾಡಿಸುವುದೇ ಗತಿ ಅಲ್ವಾ? 8 ಶೇಕಡಾ, 6 ಲೀಟರ್, 3 ನಿಮಿಷ ಹಾಕಿ ನೋಡಿದರೆ 7.9 ಮಿ.ಲೀ. ಲೆಕ್ಕ ಕೂಡಿತು. 40 ನಿಮಿಷಕ್ಕಿಂತ ಆ 3 ನಿಮಿಷಕ್ಕೇ ಜಾಸ್ತಿ ಹೋಗಿತ್ತು.

ಆ 8 ಶೇಕಡಾಕ್ಕೆ ನಾನು ಕೈಹಾಕುವುದಿಲ್ಲ, ಅಳುವ ಮಗು ಬೇಗ ಮಲಗಬೇಕು. ಆದರೆ ಉಸಿರಾಟದ ಟ್ಯೂಬ್ ಹಾಕಲು ಮಾಸ್ಕ್ ತೆಗೆದಾಗ ಸುಮ್ನೆ ಹರಿಯುವ ಗ್ಯಾಸ್ ನಮ್ಮ ಮೂಗಿಗೇ ಬರುತ್ತದೆ. ಈಗ ಆ ಹೊತ್ತಿಗೆ ಫ್ಲೋ ಪೂರ್ತಿ ಬಂದ್ ಮಾಡುತ್ತೇನೆ, ಡಯಲ್ ಮುಟ್ಟುವುದಿಲ್ಲ. ಟ್ಯೂಬ್ ಕೂತ ತಕ್ಷಣ ಮತ್ತೆ ಫ್ಲೋ, ಆಮೇಲೆ ನಿಧಾನಕ್ಕೆ 1 ಲೀಟರ್‌ಗೆ. ಗ್ಯಾಸ್ ಮಾನಿಟರ್ (ಉಸಿರಿನ ಗ್ಯಾಸಿನಲ್ಲಿ ಏನೇನು ಎಷ್ಟಿದೆ ಎಂದು ತೋರಿಸುವ ಯಂತ್ರ) ಇಲ್ಲದ ಕಡೆ ಫ್ಲೋ ಹೀಗೆ 1 ಲೀಟರ್‌ಗೆ ಇಳಿಸುವುದಿಲ್ಲ.

ಹಾಳೆಯಲ್ಲಿ ಈಗ ಮೊದಲ ಕಾಲಂ ಮಾಸ್ಕ್ ನಿಮಿಷದ್ದು.