ಡ್ರಮ್ಮಿನಲ್ಲಿ ಪಕ್ಕೆಲುಬು: ಬಿಳಿ ಹೊಗೆ ಬಂದರೆ ಕೈ ಕಟ್ಟಿ ಕೂರಿ

ಈಚೆಗೆ ಮೂರು ಮನೆಗಳಲ್ಲಿ ಹೊಗೆಯಲ್ಲಿ ಬೇಯಿಸಿದ ಪಕ್ಕೆಲುಬು ತಿಂದೆ. ಮೂರೂ ಕಡೆ ಮಾಂಸ ಒಳ್ಳೇದೇ, ಮಸಾಲೆಯೂ ಚೆನ್ನಾಗಿತ್ತು. ಬಾಯಿಗಿಟ್ಟರೆ ಮಾತ್ರ ಒಲೆಯ ಮಸಿ ನೆಕ್ಕಿದ ಹಾಗೆ. ಮೂವರೂ ಮಸಾಲೆಯನ್ನೇ ಬೈದುಕೊಂಡರು, ಪಾಪ. ಕೆಟ್ಟಿದ್ದು ಬೆಂಕಿಯಲ್ಲಿ. ಅದಕ್ಕೇ ಇಲ್ಲಿ ಮಸಾಲೆಗೆ ನಾಲ್ಕೇ ಸಾಲು, ಬೆಂಕಿಗೆ ಜಾಸ್ತಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಇದು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬೆಳೆದ ಅಡುಗೆ. ಅಲ್ಲಿ ಹೆಚ್ಚಾಗಿ ದಪ್ಪ ಹಂದಿ ಪಕ್ಕೆಲುಬು, ಹಿಕರಿ ಕಟ್ಟಿಗೆ, ಐದಾರು ಗಂಟೆ. ವಿಡಿಯೊ ನೋಡಿ ಅದೇ ಲೆಕ್ಕವನ್ನು ನಮ್ಮ ಕುರಿಗೆ ಹಾಕಿದರೆ ಎಲುಬಿನ ಮೇಲೆ ಚಕ್ಕೆ ಮಾತ್ರ ಉಳಿಯುತ್ತೆ. ನಮ್ಮ ಕುರಿ ಪಕ್ಕೆ ತೆಳು, ಮೂರೂವರೆ ನಾಲ್ಕು ಗಂಟೆ ಸಾಕು.

ಅಂಗಡಿಯಲ್ಲಿ ಹುಷಾರಾಗಿರಬೇಕು. ಚಿತ್ರದುರ್ಗದಲ್ಲಿ ನಾನು ಮಾಂಸ ತರುವ ಅಂಗಡಿಯಲ್ಲಿ ‘ಒಂದು ಕೆಜಿ’ ಅನ್ನೋದರೊಳಗೆ ಮಚ್ಚು ಬಿದ್ದಿರುತ್ತೆ, ಪಕ್ಕೆಯೆಲ್ಲ ಸಾರಿನ ತುಂಡು ಆಗಿರುತ್ತೆ. ಅದಕ್ಕೆ ನಾನು ಬೈಕ್ ನಿಲ್ಲಿಸುವಾಗಲೇ ಕೂಗ್ತೀನಿ: ‘ಅಣ್ಣ, ಪಕ್ಕೆ ಕಡೀಬ್ಯಾಡ, ಇಡೀದು ಹಂಗೇ ಇರ್ಲಿ.’ ‘ಇಡೀದು ತಗಂಡು ಏನ್ ಮಾಡ್ತೀರಿ ಸಾರ್?’ ಅಂತ ಅವನು ಪ್ರತಿ ಸಲವೂ ಕೇಳ್ತಾನೆ. ಮೇಕೆ ಬೇಡ, ಅದರಲ್ಲಿ ಕೊಬ್ಬು ಕಮ್ಮಿ, ಇಷ್ಟು ಹೊತ್ತು ಬಿಸಿಯಲ್ಲಿಟ್ಟರೆ ಒಣಗುತ್ತೆ. ಎಳೆ ಕುರಿ ಕೇಳಿ. ಚಳ್ಳಕೆರೆ, ಹಿರಿಯೂರು ಕಡೆ ಕುರಿಗೇನು ಬರ, ಅಲ್ವಾ? ಒಂದು ಬದಿಯಲ್ಲಿ 13 ಎಲುಬು ಇರುತ್ತೆ. ಹಾಗೇ ಒಂದೇ ತುಂಡಾಗಿ ತನ್ನಿ.

ಮನೆಗೆ ತಂದ ಮೇಲೆ ಒಳಮಗ್ಗುಲು ತಿರುವಿ ನೋಡಿ. ಎಲುಬಿನ ಮೇಲೆ ಹೊಳೆಯುವ ತೆಳು ಪೊರೆ ಇರುತ್ತೆ. ಅದು ಬೇಯಲ್ಲ, ಹಲ್ಲಿಗೆ ಪ್ಲಾಸ್ಟಿಕ್ ಥರ ಸಿಗುತ್ತೆ. ಕೊನೇ ಎಲುಬಿನ ಹತ್ತಿರ ಚಮಚದ ಹಿಡಿ ತೂರಿಸಿ ಸ್ವಲ್ಪ ಎಬ್ಬಿಸಿ, ಒಣ ಬಟ್ಟೆಯಲ್ಲಿ ಗಟ್ಟಿಯಾಗಿ ಹಿಡಿದು ಎಳೆಯಿರಿ. ಬರಿಗೈಯಲ್ಲಿ ಜಾರುತ್ತೆ, ಬಟ್ಟೆ ಇದ್ದರೆ ಚರ್ರಂತ ಒಂದೇ ಏಟಿಗೆ ಬರುತ್ತೆ.

ಮಸಾಲೆ: ಕೆಜಿಗೆ ಒಂದೂವರೆ ಟೀ ಚಮಚ ಉಪ್ಪು, ಎರಡು ದೊಡ್ಡ ಚಮಚ ಬ್ಯಾಡಗಿ ಮೆಣಸಿನಪುಡಿ, ಒಂದು ದೊಡ್ಡ ಚಮಚ ಬೆಲ್ಲದ ಪುಡಿ, ಒಂದೊಂದು ಟೀ ಚಮಚ ಕಾಳುಮೆಣಸು, ಹುರಿದ ಜೀರಿಗೆ. ಹಿಂದಿನ ರಾತ್ರಿ ಉಜ್ಜಿ ಫ್ರಿಜ್ಜಿನಲ್ಲಿಡಿ. ಅಮೆರಿಕದವರು ಪ್ಯಾಪ್ರಿಕಾ (ಖಾರ ಕಮ್ಮಿ ಇರುವ ಕೆಂಪು ಮೆಣಸಿನಪುಡಿ) ಹಾಕೋದು ಬಣ್ಣಕ್ಕೆ. ಹಾವೇರಿ ಜಿಲ್ಲೆಯಲ್ಲೇ ಬ್ಯಾಡಗಿ ಇಟ್ಟುಕೊಂಡು ಆ ಪುಟ್ಟ ಡಬ್ಬಿಗೆ ದುಡ್ಡು ಸುರಿಯೋದು ಯಾಕೆ? ಪರಂಗಿಕಾಯಿ ಮಾತ್ರ ಹಚ್ಚಬೇಡಿ, ಮಾಂಸ ಹಿಟ್ಟು ಹಿಟ್ಟಾಗುತ್ತೆ. ಬಾಟಲಿಯಲ್ಲಿ ಬರುವ ‘ಲಿಕ್ವಿಡ್ ಸ್ಮೋಕ್’ ಒಮ್ಮೆ ತರಿಸಿದ್ದೆ. ಸುಟ್ಟ ವೈರಿನ ವಾಸನೆ. ಬಚ್ಚಲಿಗೆ ಸುರಿದೆ.

ಡ್ರಮ್ಮು: 200 ಲೀಟರಿನ ಕಬ್ಬಿಣದ ಡ್ರಮ್ಮು ಸಾಕು, ಆದರೆ ಮೊದಲು ಅದರಲ್ಲಿ ಏನಿತ್ತು ಅಂತ ಗೊತ್ತಿರಬೇಕು. ಪೇಂಟ್, ಕೆಮಿಕಲ್ ಇದ್ದದ್ದು ಪುಕ್ಕಟೆ ಕೊಟ್ಟರೂ ಬೇಡ. ಚಳ್ಳಕೆರೆ ಎಣ್ಣೆ ಮಿಲ್ಲುಗಳಿಗೆ ಹೆಸರಾದ ಊರು, ಅಡುಗೆ ಎಣ್ಣೆಯ ಡ್ರಮ್ಮು ವಿಚಾರಿಸಿ. ಬುಡದಲ್ಲಿ ಸುತ್ತಲೂ ಮುಕ್ಕಾಲು ಇಂಚಿನ ಮೂರು ತೂತು, ಮುಚ್ಚಳದಲ್ಲಿ ಎರಡಿಂಚಿನ ಒಂದು ಪೈಪು, ಇದ್ದಿಲಿನಿಂದ ಸುಮಾರು ಎರಡಡಿ ಮೇಲೆ ಜಾಲರಿ. ವೆಲ್ಡಿಂಗ್ ಅಂಗಡಿಯವರು ಅರ್ಧ ದಿನದಲ್ಲಿ ಮಾಡಿಕೊಡ್ತಾರೆ. ಜಿಂಕ್ ಲೇಪ ಮಾಡಿದ ಜಾಲರಿ ಬೇಡ, ಕಾದಾಗ ಅದರ ಹೊಗೆ ಒಳ್ಳೇದಲ್ಲ, ಸ್ಟೀಲ್ ಹಾಕಿಸಿ. ಮಾಂಸ ಇಡುವ ಮುಂಚೆ ಒಂದು ಸಲ ಒಳಗೆ ಸೌದೆ ಹಾಕಿ ಜೋರಾಗಿ ಉರಿಸಿ, ಒಳಗಿನ ಬಣ್ಣ ಪೂರ್ತಿ ಸುಟ್ಟು ಹೋಗಬೇಕು. ನಮ್ಮ ಭಾವ ಚೆಂದ ಕಾಣ್ಲಿ ಅಂತ ಡ್ರಮ್ಮಿನ ಒಳಗೂ ಸಿಲ್ವರ್ ಪೇಂಟ್ ಬಳಿಸಿದ್ದರು. ಅವತ್ತು ಎಲ್ಲರೂ ಹೋಟೆಲಿನಲ್ಲಿ ಉಂಡ್ವಿ.

ಈಗ ಬೆಂಕಿ.

ಎರಡೂವರೆ ಮೂರು ಕೆಜಿ ಇದ್ದಿಲು ಹಾಸಿ. ಎಲ್ಲಾ ಇದ್ದಿಲಿಗೂ ಒಟ್ಟಿಗೆ ಬೆಂಕಿ ಹಚ್ಚಬೇಡಿ. ಅದೇ ಮೊದಲ ತಪ್ಪು. ಹಳೇ ಎಣ್ಣೆ ಡಬ್ಬಕ್ಕೆ ಬುಡದಲ್ಲಿ ತೂತು ಹೊಡೆದು, ಕೆಳಗೆ ಪೇಪರ್ ಇಟ್ಟು, ಹದಿನೈದು ಇಪ್ಪತ್ತು ತುಂಡು ಮಾತ್ರ ಕೆಂಡ ಮಾಡಿ. ಮೇಲೆ ಬೂದಿ ಹಿಡಿದ ಮೇಲೆ ತಣ್ಣನೆ ಇದ್ದಿಲಿನ ನಡುವೆ ಸುರಿಯಿರಿ. ಅಲ್ಲಿಂದ ಬೆಂಕಿ ನಿಧಾನಕ್ಕೆ ಸುತ್ತಲೂ ಹರಡುತ್ತಾ ನಾಲ್ಕು ಗಂಟೆ ಎಳೆಯುತ್ತೆ. ಸೀಮೆಎಣ್ಣೆ, ಪೆಟ್ರೋಲ್ ಹತ್ತಿರಕ್ಕೂ ತರಬೇಡಿ.

ಕಟ್ಟಿಗೆಗೆ ನನ್ನ ಓಟು ಮಾವು ಇಲ್ಲಾ ಸೀಬೆಗೆ. ಮುಷ್ಟಿ ಗಾತ್ರದ ನಾಲ್ಕು ತುಂಡು, ಚೆನ್ನಾಗಿ ಒಣಗಿದ್ದು. ಬೇವು, ನೀಲಗಿರಿ, ಪ್ಲೈವುಡ್ ಚೂರು ಬೇಡವೇ ಬೇಡ. ರಸ್ತೆ ಪಕ್ಕ, ಕೆರೆ ಅಂಗಳದಲ್ಲೆಲ್ಲ ಬೆಳೆದಿದೆಯಲ್ಲ ಬಳ್ಳಾರಿ ಜಾಲಿ, ಅದು ಟೆಕ್ಸಾಸಿನವರು ಹೆಮ್ಮೆಯಿಂದ ಉರಿಸುವ ಮೆಸ್ಕೀಟ್ ಮರದ ಬಳಗದ್ದೇ. ಉರಿ ಜೋರು, ಹೊಗೆ ಖಾರ. ಒಂದು ತುಂಡಿಗಿಂತ ಜಾಸ್ತಿ ಹಾಕಿದರೆ ಕಹಿಯಾಗುತ್ತೆ. ಇನ್ನು ಕಟ್ಟಿಗೆ ನೆನೆಸಿಡಿ ಅಂತ ಎಲ್ಲರೂ ಹೇಳ್ತಾರೆ, ಸುಮ್ನೆ ಕೇಳಬೇಡಿ. ನೀರು ಒಳಗೆ ಇಳಿಯೋದೇ ಇಲ್ಲ, ಮೇಲಿನ ನೀರು ಆವಿಯಾಗಿ ಹೋಗುವ ತನಕ ಬೆಂಕಿ ತಣ್ಣಗಾಗುತ್ತೆ, ಅಷ್ಟೇ.

ಕಟ್ಟಿಗೆ ಇಟ್ಟ ಕೂಡಲೇ ದಪ್ಪ ಬಿಳಿ ಹೊಗೆ ಏಳುತ್ತೆ. ಎಲ್ಲರೂ ಖುಷಿಯಾಗಿ ಮಾಂಸ ಇಡೋದು ಆಗಲೇ. ನಾನೂ ಮೊದಲ ಸಲ ಹಾಗೇ ಮಾಡಿ, ಮನೆಯವರ ಮುಂದೆ ಚೆನ್ನಾಗಿ ಹೊಗೆ ಹಾಕಿಸ್ಕೊಂಡೆ. ಬಿಳಿ ಹೊಗೆ ಅಂದರೆ ಕಟ್ಟಿಗೆ ಸರಿಯಾಗಿ ಉರೀತಿಲ್ಲ ಅಂತ ಅರ್ಥ. ಅರೆಬರೆ ಉರಿದಾಗ ಬರುವ ಜಿಡ್ಡು ಮಾಂಸಕ್ಕೆ ಅಂಟುತ್ತೆ, ಆ ಮಸಿ ರುಚಿ ಅದರದ್ದೇ. ಕಾಯಿರಿ. ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ. ಹೊಗೆ ತೆಳುವಾಗಿ, ಇದೆಯೋ ಇಲ್ಲವೋ ಅನ್ನುವ ಹಾಗೆ ನಸು ನೀಲಿ ಬಣ್ಣಕ್ಕೆ ತಿರುಗುತ್ತೆ. ಪೈಪಿನ ಮೇಲೆ ಕೈ ಆಡಿಸಿ ಮೂಸಿ ನೋಡಿ, ವಾಸನೆ ಹಿತವಾಗಿದ್ದರೆ ಮಾಂಸ ಇಡಿ. ಕಣ್ಣು ಉರಿದರೆ ಇನ್ನೂ ಕೂತ್ಕೊಳ್ಳಿ.

ಎರಡನೇ ತಪ್ಪು, ಹೊಗೆ ಹೊರಗೆ ಹೋಗಿ ದಂಡ ಆಗ್ತಿದೆ ಅಂತ ಮೇಲಿನ ಪೈಪು ಮುಚ್ಚೋದು. ಮೇಲಿನದ್ದು ಯಾವಾಗಲೂ ಪೂರ್ತಿ ತೆರೆದಿರಲಿ. ಬಿಸಿ ಹೆಚ್ಚು ಕಮ್ಮಿ ಮಾಡೋದೆಲ್ಲ ಕೆಳಗಿನ ತೂತುಗಳಿಂದ. ಜಾಲರಿ ಹತ್ತಿರ 110ರಿಂದ 120 ಡಿಗ್ರಿ ಸೆಲ್ಸಿಯಸ್ ಇರಬೇಕು. ಮುಚ್ಚಳದ ಗಡಿಯಾರದಂಥ ಮೀಟರ್ ನಂಬಬೇಡಿ, ಓವನ್ನಿಗೆ ಬಳಸುವ ಥರ್ಮಾಮೀಟರ್ ತಂದು ಜಾಲರಿ ಮೇಲೇ ಇಡಿ. 105 ಮುಟ್ಟಿದಾಗಲೇ ಒಂದು ತೂತು ಮುಚ್ಚಿಬಿಡಿ. 130 ಆದ ಮೇಲೆ ಇಳಿಸ್ತೀನಿ ಅಂದರೆ ಸುಲಭಕ್ಕೆ ಇಳಿಯಲ್ಲ.

ನಮ್ಮೂರಿನಲ್ಲಿ ಇನ್ನೊಂದು ಕಾಟ ಗಾಳಿ. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಆಷಾಢದಲ್ಲಿ ಗಾಳಿಗೆ ಎದುರಾಗಿ ಒಂದು ತೂತು ಇದ್ದರೂ ಸಾಕು, ತಿದಿ ಒತ್ತಿದ ಹಾಗೆ ಕೆಂಡ ಎದ್ದು ಹತ್ತು ನಿಮಿಷದಲ್ಲಿ 160 ದಾಟುತ್ತೆ. ಆ ಬದಿಯ ತೂತು ಮುಚ್ಚಿ, ಅಡ್ಡಕ್ಕೆ ಒಂದು ತಗಡು ನಿಲ್ಲಿಸಿ. ಮನೆಯೊಳಗೆ, ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಮಾಡಬೇಡಿ, ಇದ್ದಿಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಜೀವಕ್ಕೆ ಅಪಾಯ.

ಮುಚ್ಚಳ ತೆಗೆದು ತೆಗೆದು ನೋಡೋದು ಮೂರನೇ ತಪ್ಪು. ತೆಗೆದಾಗ ಬಿಸಿ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತು. ಡ್ರಮ್ಮಿನಲ್ಲಿ ಅದಕ್ಕಿಂತ ಕೆಟ್ಟದ್ದು, ಒಳಗೆ ನುಗ್ಗಿದ ಗಾಳಿಗೆ ಇದ್ದಿಲು ಭಗ್ ಅನ್ನುತ್ತೆ. ಮೊದಲ ಎರಡು ಗಂಟೆ ತೆಗೆಯಲೇಬೇಡಿ.

ಎರಡು ಗಂಟೆ ಆದ ಮೇಲೆ ಸುತ್ತಿಡಬೇಕು. ಮಾಂಸದ ಒಳಗಿನ ಬಿಸಿ 65–70 ಡಿಗ್ರಿ ಹತ್ತಿರ ಬಂದು ಏರದೆ ನಿಲ್ಲುವುದುಂಟು, ಬೆವರಿದ ಮೈಗೆ ಗಾಳಿ ಬಡಿದು ತಣ್ಣಗಾಗುವ ಹಾಗೆ. ಅದಕ್ಕೇ ಸುತ್ತೋದು. ಬಾಳೆ ಎಲೆ ಒಲೆ ಮೇಲೆ ಬಾಡಿಸಿಕೊಂಡು (ಹಸಿಯಾಗೇ ಮಡಚಿದರೆ ಸೀಳುತ್ತೆ) ಎರಡು ಪದರ ಸುತ್ತಿ, ಮೇಲೊಂದು ಫಾಯಿಲ್. ಒಂದು ಗಂಟೆ. ಆಮೇಲೆ ಬಿಚ್ಚಿ ಹುಣಸೆರಸ, ಬೆಲ್ಲ, ಬೆಳ್ಳುಳ್ಳಿ ಕುದಿಸಿದ ರಸ ತೆಳ್ಳಗೆ ಸವರಿ, ಮತ್ತೆ ಅರ್ಧ ಗಂಟೆ.

ಆಯ್ತೋ ಇಲ್ಲವೋ ನೋಡೋಕೆ ಇಕ್ಕಳದಲ್ಲಿ ಒಂದು ತುದಿ ಹಿಡಿದು ಎತ್ತಿ. ನಡು ಬಾಗಿ ಮೇಲ್ಮೈ ಬಿರುಕು ಬಿಟ್ಟರೆ ಆಯ್ತು. ಎಲುಬಿನ ತುದಿ ಅರ್ಧ ಇಂಚು ಹೊರಗೆ ಬಂದಿರುತ್ತೆ. ಮುಟ್ಟಿದರೆ ಉದುರುವಷ್ಟು ಬೇಯಿಸೋದು ನನಗೆ ಸೇರಲ್ಲ, ಅದಕ್ಕೆ ಕುಕ್ಕರ್ ಇದೆ.

ಕತ್ತರಿಸಿದಾಗ ಅಂಚಿನಲ್ಲಿ ಗುಲಾಬಿ ಬಣ್ಣದ ಗೆರೆ ಕಾಣಬಹುದು. ‘ಇನ್ನಾ ಹಸೀದು ಐತಲ್ಲೋ’ ಅಂತ ನಮ್ಮ ದೊಡ್ಡಮ್ಮ ತಟ್ಟೆ ಆಚೆ ತಳ್ಳಿದ್ದರು. ಹಸಿ ಅಲ್ಲ. ಹೊಗೆಯಲ್ಲಿನ ಅನಿಲಗಳು ಮಾಂಸದ ಕೆಂಪು ಬಣ್ಣವನ್ನು ಹಿಡಿದಿಟ್ಟದ್ದು. ಅವರಿಗೆ ಅಂಚು ತೆಗೆದು ನಡುವಿನ ತುಂಡು ಕೊಟ್ಟೆ, ಜೋಳದ ರೊಟ್ಟಿ ಜೊತೆ ಎರಡು ಎಲುಬು ಮುಗಿಸಿದರು.

ಊಟಕ್ಕೆ ಏಳುವ ಮುಂಚೆ ಮೇಲೆ ಕೆಳಗೆ ಎಲ್ಲಾ ತೂತು ಮುಚ್ಚಿಬಿಡಿ. ಗಾಳಿ ಇಲ್ಲದೆ ಕೆಂಡ ಆರುತ್ತೆ, ಉಳಿದ ಇದ್ದಿಲು ಮುಂದಿನ ಸಲಕ್ಕಾಗುತ್ತೆ. ಬೆಳಗ್ಗೆ ತನಕ ಮುಚ್ಚಳ ತೆಗೆಯಬೇಡಿ, ಮಕ್ಕಳನ್ನೂ ಹತ್ತಿರ ಬಿಡಬೇಡಿ.