ಭದ್ರಾ ನಾಲೆಯ ಡ್ರಾಪಿನಲ್ಲಿ ಕಿರು ಜಲವಿದ್ಯುತ್: ಅಳತೆಯಿಂದ ಬೈಪಾಸ್‌ವರೆಗೆ

ದಾವಣಗೆರೆ, ಚಿತ್ರದುರ್ಗದ ಬಯಲುಸೀಮೆಯಲ್ಲಿ ಧುಮ್ಮಿಕ್ಕುವ ಹೊಳೆಗಳಿಲ್ಲ. ಇಲ್ಲಿ ಕರೆಂಟು ತೆಗೆಯಲು ಸಿಗುವುದು ನಾಲೆಯ ಡ್ರಾಪು (ನಾಲೆಯ ತಳ ಮೆಟ್ಟಿಲಿನಂತೆ ಇಳಿಯುವ ಜಾಗ), ಪಿಕಪ್ಪು (ನಾಲೆಗೆ ನೀರು ತಿರುಗಿಸುವ ಒಡ್ಡು), ಬ್ಯಾರೇಜುಗಳಲ್ಲಿ ಎರಡರಿಂದ ಐದಾರು ಮೀಟರ್ ಇಳಿಯುವ ನೀರು. ಎತ್ತರ ಕಡಿಮೆ ಇರುವಾಗ ಹೆಚ್ಚು ನೀರು ಹಾಯಿಸಬೇಕು. ಯಂತ್ರ ದೊಡ್ಡದಾಗುತ್ತದೆ, ಕಾಂಕ್ರೀಟು ಹೆಚ್ಚು ಬೇಕು, ಅಳತೆಯಲ್ಲಿ ಅರ್ಧ ಮೀಟರ್ ತಪ್ಪಿದರೂ ಲೆಕ್ಕವೆಲ್ಲ ಕೆಡುತ್ತದೆ.

ಮೊದಲು ಬೇಕಾದದ್ದು ನೀರಿನ ದಾಖಲೆ. ನೀರಾವರಿ ಉಪವಿಭಾಗದಿಂದ ಕನಿಷ್ಠ 10 ವರ್ಷಗಳ ದಿನವಹಿ ಹರಿವಿನ ಲೆಕ್ಕ ಪಡೆಯಿರಿ. ಅದು ಕ್ಯೂಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಘನ ಅಡಿಯಲ್ಲಿರುತ್ತದೆ, 35.3ರಿಂದ ಭಾಗಿಸಿದರೆ ಸೆಕೆಂಡಿಗೆ ಘನ ಮೀಟರ್ ಆಗುತ್ತದೆ. ಎಲ್ಲ ದಿನಗಳ ಹರಿವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ ಯಾವ ಹರಿವು ವರ್ಷದಲ್ಲಿ ಎಷ್ಟು ದಿನ ಸಿಗುತ್ತದೆ ಎಂಬುದು ಕಾಣುತ್ತದೆ. ಒಂದೆರಡು ಒಳ್ಳೆಯ ಮಳೆಗಾಲ ನೋಡಿ ಯಂತ್ರದ ಅಳತೆ ಗೊತ್ತುಮಾಡಬೇಡಿ. ಹಿರಿಯೂರಿನ ಮಾರಿಕಣಿವೆಯನ್ನೇ ನೋಡಿ: 1907ರಲ್ಲಿ ಮುಗಿದ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಭದ್ರಾ ತುಂಬುವುದು ಅಷ್ಟು ಅಪರೂಪವಲ್ಲ, ಆದರೂ ಅಣೆಕಟ್ಟೆ ತನ್ನ 186 ಅಡಿ ಮುಟ್ಟದ ವರ್ಷ ಬೇಸಿಗೆ ಬೆಳೆಗೆ ನೀರು ಸರದಿಯಲ್ಲಿ ಬರುತ್ತದೆ. ಆಗ ನಾಲೆ ವಾರಗಟ್ಟಲೆ ಒಣಗಿರುತ್ತದೆ.

ಎತ್ತರವನ್ನು ಒಣ ನಾಲೆಯಲ್ಲಿ ಅಳೆಯಬಾರದು. ಬಹಳ ಜನ ಎಡವುವುದು ಇಲ್ಲೇ. ನೀರು ತುಂಬಿ ಹರಿಯುವಾಗ ಡ್ರಾಪಿನ ಕೆಳಗಿನ ಮಟ್ಟವೂ ಏರುತ್ತದೆ. ಕೆಳಗಿನ ತೂಬಿನ ಗೇಟು ಇಳಿಸಿದರೆ ಹಿನ್ನೀರು ಇನ್ನಷ್ಟು ಏರುತ್ತದೆ. ಪೂರ್ಣ ಹರಿವು, ಅರ್ಧ ಹರಿವು ಎರಡರಲ್ಲೂ ಮೇಲಿನ ಮತ್ತು ಕೆಳಗಿನ ನೀರಿನ ಮಟ್ಟವನ್ನು ಒಂದೇ ಹೊತ್ತಿಗೆ ಬರೆದುಕೊಳ್ಳಿ.

ಲೆಕ್ಕ ಸುಲಭ. 9.81 × ಹರಿವು × ಎತ್ತರ × ದಕ್ಷತೆ, ಬರುವುದು ಕಿಲೋವ್ಯಾಟ್. ಹರಿವು ಸೆಕೆಂಡಿಗೆ 10 ಘನ ಮೀಟರ್, ಎತ್ತರ 4 ಮೀಟರ್, ದಕ್ಷತೆ 0.8 ಎಂದುಕೊಂಡರೆ ಸುಮಾರು 314 ಕಿಲೋವ್ಯಾಟ್. ನಾಲೆ ವರ್ಷಕ್ಕೆ 240 ದಿನ ಹರಿದು, ಸರಾಸರಿ ಶೇಕಡಾ 70 ಹೊರೆಯಲ್ಲಿ ಯಂತ್ರ ಓಡಿದರೆ ಸುಮಾರು 12.7 ಲಕ್ಷ ಯೂನಿಟ್. ಅದೇ 4 ಮೀಟರ್ ನಿಜದಲ್ಲಿ 3.5 ಇದ್ದರೆ ಎಂಟರಲ್ಲಿ ಒಂದು ಪಾಲು ಆದಾಯ ಹೋದಂತೆ.

ಈ ಎತ್ತರಕ್ಕೆ ಕಪ್ಲಾನ್ ಜಾತಿಯ ಟರ್ಬೈನ್ ಸರಿ, ಹರಿವಿಗೆ ತಕ್ಕಂತೆ ಅದರ ರೆಕ್ಕೆಗಳ ಓರೆ ಬದಲಿಸಬಹುದು. ರೆಕ್ಕೆಗಳ ಓರೆ ಬದಲಾಗದ ಪ್ರೊಪೆಲ್ಲರ್ ಅಗ್ಗ, ಆದರೆ ಹರಿವು ಇಳಿಯುತ್ತಿದ್ದಂತೆ ಅದರ ದಕ್ಷತೆ ಕುಸಿಯುತ್ತದೆ. ನಾಲೆಯ ಹರಿವು ಏರಿಳಿಯುವ ಕಡೆ ಒಂದು ದೊಡ್ಡ ಯಂತ್ರಕ್ಕಿಂತ ಎರಡು ಚಿಕ್ಕವು ಮೇಲು: ಒಂದು ರಿಪೇರಿಗೆ ನಿಂತರೂ ಇನ್ನೊಂದು ನಡೆಯುತ್ತದೆ.

ಹಳೆಯ ಡ್ರಾಪನ್ನು ಒಡೆಯಬೇಡಿ. ಪಕ್ಕದಲ್ಲಿ ಹೊಸ ಕಾಲುವೆ ತೋಡಿ ಪವರ್‌ಹೌಸ್ ಕಟ್ಟಿ, ಹಳೆಯ ಡ್ರಾಪನ್ನು ಬೈಪಾಸ್ ಆಗಿ ಉಳಿಸಿಕೊಳ್ಳಿ. ನಾಲೆಗೆ ಜೋಡಿಸುವ ಕೆಲಸ ನಾಲೆ ಬಂದ್ ಇರುವ ದಿನಗಳಲ್ಲೇ ಮುಗಿಯಬೇಕು. ಎರೆಮಣ್ಣಿನಲ್ಲಿ ಇನ್ನೂ ಎಚ್ಚರ: ಅದು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಲೈನಿಂಗ್ (ನಾಲೆಯ ಒಳಹೊದಿಕೆ) ಸೀಳುತ್ತದೆ. ಅಡಿಪಾಯವನ್ನು ಗಟ್ಟಿ ನೆಲದವರೆಗೆ ಇಳಿಸಿ, ಲೈನಿಂಗಿನ ಹಿಂದೆ ಉಬ್ಬದ ಗರಸು ಮಣ್ಣನ್ನು ದಪ್ಪವಾಗಿ ತುಂಬಿ ದಮ್ಮಸು ಮಾಡಿ.

ಕಸದ ಜಾಲರಿಗೆ ಕಾಸು ಉಳಿಸಲು ಹೋಗಬೇಡಿ. ತೆಂಗಿನ ಗರಿ, ಅಡಿಕೆ ಹಾಳೆ, ಕಬ್ಬಿನ ರವದಿ, ಅಂತರಗಂಗೆ ಎಲ್ಲವೂ ಅಲ್ಲಿಗೇ ಬಂದು ಬಡಿಯುತ್ತವೆ. ಜಾಲರಿ ಕಟ್ಟಿಕೊಂಡು 30 ಸೆಂಟಿಮೀಟರ್ ಎತ್ತರ ಹೋದರೆ, 4 ಮೀಟರಿನಲ್ಲಿ ಅದು ಶೇಕಡಾ 7.5. ಜಾಲರಿಯ ಮುಂದೆ ನೀರಿನ ವೇಗ ಸೆಕೆಂಡಿಗೆ 0.6 ಮೀಟರ್ ದಾಟದಂತೆ ಅಗಲ ಕೊಡಿ, ಕಸ ಎಳೆಯುವ ರೇಕ್ (ಹಲ್ಲುಕೋಲು) ಇಡಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಲೈನ್ ಟ್ರಿಪ್ ಆದಾಗ, ಅಂದರೆ ಕರೆಂಟು ಸಾಗಿಸುವ ಲೈನ್ ಹಠಾತ್ ಕಡಿದು ಯಂತ್ರಕ್ಕೆ ಹೊರೆ ಇಲ್ಲದಾದಾಗ. ಯಂತ್ರ ಓಟ ಕಿತ್ತು ಮಾಮೂಲಿ ವೇಗದ ಎರಡು-ಮೂರು ಪಟ್ಟು ಏರಬಹುದು, ಹಾಗಾಗಿ ಟರ್ಬೈನ್ ಬಾಗಿಲು ಕೂಡಲೇ ಮುಚ್ಚಬೇಕು. ಮುಚ್ಚಿದರೆ 10 ಘನ ಮೀಟರ್ ನೀರಿಗೆ ದಾರಿ ಇಲ್ಲ. 12 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ನಾಲೆಯಲ್ಲಿ ಸುಮಾರು 25 ಸೆಂಟಿಮೀಟರ್ ಎತ್ತರದ ಅಲೆ ಹಿಮ್ಮುಖವಾಗಿ ಹೊರಡುತ್ತದೆ, ನೀರು ಇನ್ನೂ ಏರುತ್ತಲೇ ಇರುತ್ತದೆ, ನಾಲೆಯ ದಂಡೆ ಒಡೆಯುತ್ತದೆ. ಅತ್ತ ಕೊನೆ ಭಾಗದ ರೈತರ ಗದ್ದೆಗೆ ನೀರು ನಿಲ್ಲುತ್ತದೆ. ಮೊದಲೇ ನೀರು ತಲುಪದೆ ರಸ್ತೆಗಿಳಿಯುವ ಜನ ಅವರು, ಅವರ ಪಾಲಿನ ಒಂದು ಗಂಟೆಯ ನೀರನ್ನೂ ನಮ್ಮ ಯಂತ್ರ ತಡೆಯಬಾರದು. ಆದ್ದರಿಂದ ಬೈಪಾಸ್ ಕರೆಂಟನ್ನು ಕಾಯುವಂತಿರಬಾರದು. 30 ಸೆಂಟಿಮೀಟರ್ ಏರಿಕೆಯಲ್ಲೇ ಪೂರ್ತಿ ಹರಿವು ಉಕ್ಕಿ ಹೋಗಲು ಸುಮಾರು 34 ಮೀಟರ್ ಉದ್ದದ ಕೋಡಿಗೋಡೆ ಬೇಕು. ನಾಲೆಯ ಅಗಲಕ್ಕೆ ಅದು ಹಿಡಿಸದು, ದಂಡೆಯುದ್ದಕ್ಕೂ ಕಟ್ಟಿ ಅಥವಾ ಮಡಚಿ ಕಟ್ಟಿ. ಟರ್ಬೈನ್ ಬಾಗಿಲು ಭಾರದಿಂದ ತಾನೇ ಇಳಿಯುವಂತಿರಲಿ.

ಟ್ರಿಪ್ ಕಡಿಮೆ ಮಾಡಲು ಪಂಪ್‌ಸೆಟ್ ಫೀಡರಿಗೆ ಲೈನ್ ಕೊಡಬೇಡಿ: ಮೂರು ಫೇಸಿನ ಹೊತ್ತು ಮುಗಿದೊಡನೆ ನಿಮ್ಮ ಯಂತ್ರವೂ ನಿಲ್ಲುತ್ತದೆ. ಸಬ್‌ಸ್ಟೇಷನ್‌ವರೆಗೆ ಪ್ರತ್ಯೇಕ 11 ಕೆವಿ ಲೈನ್ ಎಳೆಯಿರಿ. ಇಂಡಕ್ಷನ್ ಜನರೇಟರ್ ಅಗ್ಗ, ಆದರೆ ಕೆಪಾಸಿಟರ್ ಜೋಡಿಸಿದ್ದರೆ ಲೈನ್ ಹೋದ ಮೇಲೂ ತಾನೇ ವೋಲ್ಟೇಜ್ ಎಬ್ಬಿಸಬಹುದು. ಬ್ರೇಕರ್ (ಯಂತ್ರವನ್ನು ಲೈನಿನಿಂದ ಕಳಚುವ ಸ್ವಿಚ್ಚು) ಬಿದ್ದೊಡನೆ ಕೆಪಾಸಿಟರೂ ಕಳಚಬೇಕು.

ಕಾಗದಪತ್ರದ ದಾರಿ ಹೀಗಿದೆ: ಜಾಗದ ಹಂಚಿಕೆಗೆ ಕ್ರೆಡಲ್ (ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ಸಂಸ್ಥೆ), ನಾಲೆಗೆ ಕರ್ನಾಟಕ ನೀರಾವರಿ ನಿಗಮ, ಮಾರಾಟಕ್ಕೆ ಬೆಸ್ಕಾಂ ಜೊತೆ ಒಪ್ಪಂದ, ಅದಕ್ಕೆ ಕೆಇಆರ್‌ಸಿ (ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ) ಒಪ್ಪಿಗೆ, ಚಾಲನೆಗೆ ಮೊದಲು ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆ. ನಿಗಮದ ಒಪ್ಪಿಗೆ ಕೈಗೆ ಬರುವ ಮುನ್ನ ಯಂತ್ರಕ್ಕೆ ಮುಂಗಡ ಕೊಡಬೇಡಿ.

ಚಾಲನೆಯ ದಿನ ಕಾಲು, ಅರ್ಧ, ಮುಕ್ಕಾಲು, ಪೂರ್ಣ ಹೊರೆಯಲ್ಲಿ ಒಂದೊಂದು ಸಲ ಬ್ರೇಕರ್ ಬೀಳಿಸಿ. ಮೇಲ್ಗಡೆ ಒಬ್ಬರು, ಕೆಳಗಡೆ ಒಬ್ಬರು ಗೇಜ್ ಹಿಡಿದು ನಿಮಿಷಕ್ಕೊಮ್ಮೆ ಮಟ್ಟ ಬರೆಯಲಿ. ಕೋಡಿ ಪೂರ್ತಿ ಹರಿವನ್ನು ತಳ್ಳಿ, ಕೆಳಗಿನ ಮಟ್ಟ ಮೊದಲಿನಷ್ಟೇ ನಿಂತ ಮೇಲೆಯೇ ಯಂತ್ರವನ್ನು ರಾತ್ರಿ ಪಾಳಿಗೆ ಬಿಡಿ.